‘ಹೊಟ್ಟೆಕಿಚ್ಚು’ ಮತ್ತು ‘ಫೈರ್ ಇನ್ ದ ಬೆಲಿ’: ಕನ್ನಡಿಗರ ಇಂಗ್ಲಿಷ್ ನುಡಿಗಟ್ಟು ಕಲಿಕೆಯಲ್ಲಿ ಸಮಾನ ಪ್ರತಿಮೆಗಳು

ಸಾರಾಂಶ

ಇಂಗ್ಲಿಷಿನ ಬಳಕೆಯ ನುಡಿಗಟ್ಟುಗಳನ್ನು ಕನ್ನಡ ಮಾತೃಭಾಷೆಯವರು ಕಲಿಯುವಾಗ ಎದುರಾಗುವ ತೊಡಕುಗಳನ್ನು ಈ ಲೇಖನ ವಿಶ್ಲೇಷಿಸುತ್ತದೆ. ಕನ್ನಡದಲ್ಲಿ ಸಂವಾದಿ ಇಲ್ಲದ ನುಡಿಗಟ್ಟುಗಳೇ ಕಠಿಣವೆಂಬುದು ಸಾಮಾನ್ಯ ನಂಬಿಕೆ. ಎರಡೂ ಭಾಷೆಗಳಲ್ಲಿ ಒಂದೇ ಪ್ರತಿಮೆಯಿದ್ದು ಅರ್ಥ ಬೇರೆಯಾಗಿರುವ ನುಡಿಗಟ್ಟುಗಳೇ ಹೆಚ್ಚಿನ ಗಮನವನ್ನು ಬೇಡುತ್ತವೆ ಎಂಬುದು ನಮ್ಮ ವಾದ. ಸ್ಪರ್ಧಾತ್ಮಕ ಪರೀಕ್ಷೆಗಳ ಬಹು ಆಯ್ಕೆಯ ಪ್ರಶ್ನೆಗಳು ಈ ತೊಡಕನ್ನು ಹೇಗೆ ಮರೆಮಾಡುತ್ತವೆ ಎಂಬುದನ್ನೂ, ಕಲಿಕಾ ಸಾಮಗ್ರಿಯನ್ನು ಮರುಜೋಡಿಸುವ ಒಂದು ಕ್ರಮವನ್ನೂ ಇಲ್ಲಿ ಸೂಚಿಸಲಾಗಿದೆ.

ಪ್ರಮುಖ ಪದಗಳು: ನುಡಿಗಟ್ಟು, ಭಾಷಾ ವರ್ಗಾವಣೆ, ರೂಢಿಲಕ್ಷಣೆ, ಅನುವಾದಿತ ಎರವಲು, ದ್ವಿತೀಯ ಭಾಷಾ ಕಲಿಕೆ

1. ಪೀಠಿಕೆ

ಪಶ್ಚಿಮ ಬೆಂಗಳೂರಿನ ವಿಜಯನಗರಕ್ಕೆ ಸೇರಿದ ಆರ್‌ಪಿಸಿ ಲೇಔಟ್–ಹಂಪಿನಗರ ಪ್ರದೇಶದಲ್ಲಿ ನಗರ ಕೇಂದ್ರ ಗ್ರಂಥಾಲಯದ ಪಶ್ಚಿಮ ವಲಯವಿದೆ. ಸುತ್ತಲಿನ ಬೀದಿಗಳು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೂ ಪಿಜಿ ವಸತಿಗಳಿಗೂ ಹೆಸರಾದವು. ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆಸಿ ಓದುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಶಾಲಾಶಿಕ್ಷಣ ಪಡೆದವರೂ ಇದ್ದಾರೆ. ಅವರ ಪಠ್ಯಗಳಲ್ಲಿ ‘ಐಡಿಯಮ್ಸ್ ಅಂಡ್ ಫ್ರೇಸಸ್’ ಎಂಬುದು ಒಂದು ನಿಶ್ಚಿತ ವಿಭಾಗ.

ಇದಕ್ಕೆ ಸ್ಪಷ್ಟ ಕಾರಣವಿದೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆಗಳೂ 50 ಅಂಕಗಳೂ ಇವೆ. ಎರಡನೆಯ ಹಂತದಲ್ಲಿ 45 ಪ್ರಶ್ನೆಗಳು, 135 ಅಂಕಗಳು. ಪಠ್ಯಕ್ರಮವು ನುಡಿಗಟ್ಟುಗಳನ್ನು ಹೆಸರಿಸಿಯೇ ಹೇಳುತ್ತದೆ. ಇದೇ ಆಯೋಗದ ಎಂಟಿಎಸ್ ಪರೀಕ್ಷೆಯನ್ನು 2023ರಲ್ಲಿ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಹೀಗಾಗಿ ನುಡಿಗಟ್ಟುಗಳ ತಿಳಿವಳಿಕೆ ಕನ್ನಡದ ಅಭ್ಯರ್ಥಿಗೆ ಭಾಷಾಸೊಗಸಿನ ಪ್ರಶ್ನೆ ಮಾತ್ರವಲ್ಲ, ಉದ್ಯೋಗದ ಪ್ರಶ್ನೆಯೂ ಹೌದು.

ಕಲಿಕಾ ಸಾಮಗ್ರಿಯ ರೂಪ ಬಹುಮಟ್ಟಿಗೆ ಒಂದೇ: ಅಕಾರಾದಿಯಾಗಿ ಜೋಡಿಸಿದ ಇಂಗ್ಲಿಷ್ ನುಡಿಗಟ್ಟು, ಎದುರಿಗೆ ಒಂದು ಸಾಲಿನ ಅರ್ಥ. ಈ ಪಟ್ಟಿಯು ಎಲ್ಲ ನುಡಿಗಟ್ಟುಗಳನ್ನೂ ಸಮಾನ ಕಷ್ಟದವೆಂದು ಭಾವಿಸುತ್ತದೆ, ಕಲಿಯುವವರ ಮನಸ್ಸಿನಲ್ಲಿ ಈಗಾಗಲೇ ಇರುವ ಕನ್ನಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಇದು ಅಂಕಿಅಂಶಗಳ ಸಮೀಕ್ಷೆಯಲ್ಲ. ಎರಡು ಭಾಷೆಗಳ ಸಾಮಗ್ರಿಯನ್ನು ಎದುರುಬದುರಾಗಿಟ್ಟು ಮಾಡಿದ ವಿಶ್ಲೇಷಣೆ.

2. ನುಡಿಗಟ್ಟಿನ ಸ್ವರೂಪ: ಎರಡು ಪರಂಪರೆಗಳು

ನುಡಿಗಟ್ಟಿನ ಅರ್ಥ ಅದರ ಬಿಡಿಪದಗಳ ಅರ್ಥಗಳ ಮೊತ್ತವಲ್ಲ ಎಂಬುದು ಸರ್ವವಿದಿತ ಲಕ್ಷಣ. ಭಾರತೀಯ ಕಾವ್ಯಮೀಮಾಂಸೆ ಇದನ್ನು ಲಕ್ಷಣೆಯ ಅಡಿಯಲ್ಲಿ ಚರ್ಚಿಸಿದೆ. ಮಮ್ಮಟನ ‘ಕಾವ್ಯಪ್ರಕಾಶ’ದ ಪ್ರಕಾರ ಲಕ್ಷಣೆಗೆ ಮೂರು ನಿಮಿತ್ತಗಳು ಬೇಕು: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ಮತ್ತು ರೂಢಿ ಅಥವಾ ಪ್ರಯೋಜನ. ‘ಕುಶಲ’ ಎಂಬ ಶಬ್ದ ದರ್ಭೆ ಕೊಯ್ಯುವವನೆಂಬ ಅರ್ಥವನ್ನು ಬಿಟ್ಟು ನಿಪುಣನೆಂಬ ಅರ್ಥವನ್ನು ಪಡೆದದ್ದು ಅಲ್ಲಿ ರೂಢಿಗೆ ಕೊಟ್ಟ ನಿದರ್ಶನ. ನುಡಿಗಟ್ಟನ್ನು ರೂಢಿಲಕ್ಷಣೆಯೆಂದು ಕಂಡರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮುಖ್ಯಾರ್ಥಕ್ಕೂ ಲಕ್ಷ್ಯಾರ್ಥಕ್ಕೂ ಸಂಬಂಧವಿರುತ್ತದೆ, ಆದರೆ ಸಾಧ್ಯವಿರುವ ಹಲವು ಸಂಬಂಧಗಳಲ್ಲಿ ಯಾವುದು ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಆಯಾ ಭಾಷಾಸಮುದಾಯದ ರೂಢಿ. ಆದ್ದರಿಂದ ಒಂದೇ ಪ್ರತಿಮೆ ಎರಡು ಭಾಷೆಗಳಲ್ಲಿ ಎರಡು ದಿಕ್ಕಿಗೆ ಹೋಗುವುದು ಸಹಜ.

ಆಧುನಿಕ ಭಾಷಾವಿಜ್ಞಾನದಲ್ಲಿ ನನ್‌ಬರ್ಗ್, ಸ್ಯಾಗ್ ಮತ್ತು ವಾಸೊ ಅವರ 1994ರ ಲೇಖನ ಮತ್ತೊಂದು ಭೇದವನ್ನು ಮುಂದಿಟ್ಟಿತು. ‘ಸ್ಪಿಲ್ ದ ಬೀನ್ಸ್’ ಎಂಬಲ್ಲಿ ಚೆಲ್ಲುವುದಕ್ಕೆ ಬಯಲು ಮಾಡುವುದನ್ನೂ, ಬೀನ್ಸಿಗೆ ಗುಟ್ಟನ್ನೂ ಹೊಂದಿಸಬಹುದು. ಅರ್ಥವು ಭಾಗಗಳಿಗೆ ಹಂಚಿಕೆಯಾಗುತ್ತದೆ. ‘ಕಿಕ್ ದ ಬಕೆಟ್’ ಎಂಬಲ್ಲಿ ಅಂಥ ಹಂಚಿಕೆ ಸಾಧ್ಯವಿಲ್ಲ. ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ನುಡಿಗಟ್ಟಿನ ಅರ್ಥ ಅಳಿದು ಬಕೆಟ್ಟು ಮಾತ್ರ ಉಳಿಯುತ್ತದೆ. ಕಲಿಯುವವರಿಗೆ ಈ ಭೇದ ಮುಖ್ಯ: ಮೊದಲ ಬಗೆಯನ್ನು ತರ್ಕಿಸಿ ಗ್ರಹಿಸಬಹುದು, ಎರಡನೆಯದನ್ನು ಇಡಿಯಾಗಿಯೇ ನೆನಪಿಡಬೇಕು.

3. ವರ್ಗಾವಣೆಯ ಅಧ್ಯಯನಗಳು

ಸೂಜನ್ ಇರುಹೋ 1986ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನಮಗೆ ನೇರವಾಗಿ ಸಂಬಂಧಿಸಿದೆ. ಸ್ಪ್ಯಾನಿಷ್ ಮಾತೃಭಾಷೆಯ, ಇಂಗ್ಲಿಷಿನಲ್ಲಿ ಮುಂದುವರಿದ ಹಂತದಲ್ಲಿದ್ದ ವೆನೆಜುವೆಲಾದ ಕಲಿಕಾರ್ಥಿಗಳಿಗೆ ಅವರು 45 ನುಡಿಗಟ್ಟುಗಳನ್ನು ಕೊಟ್ಟರು. ಅವುಗಳಲ್ಲಿ 15 ಎರಡೂ ಭಾಷೆಗಳಲ್ಲಿ ಒಂದೇ ಆದವು, 15 ಹೋಲುವಂಥವು, 15 ಪೂರ್ತಿ ಬೇರೆಯಾದವು. ಒಂದೇ ಆದವು ಗ್ರಹಿಕೆಗೂ ಪ್ರಯೋಗಕ್ಕೂ ಸುಲಭವಾದವು. ಹೋಲುವಂಥವುಗಳನ್ನು ಅವರು ಚೆನ್ನಾಗಿಯೇ ಗ್ರಹಿಸಿದರು. ಆದರೆ ತಾವೇ ಬಳಸುವಾಗ ಮಾತೃಭಾಷೆ ಅಡ್ಡಬಂದಿತು. ಪೂರ್ತಿ ಬೇರೆಯಾದವು ಅತ್ಯಂತ ಕಷ್ಟವೆನಿಸಿದರೂ ಅವುಗಳಲ್ಲಿ ಮಾತೃಭಾಷೆಯ ಅಡ್ಡಿ ಕಡಿಮೆಯಿತ್ತು.

ಇದಕ್ಕೂ ಮುಂಚೆ, 1970ರ ದಶಕದ ಉತ್ತರಾರ್ಧದಲ್ಲಿ, ಡಚ್ ವಿದ್ಯಾರ್ಥಿಗಳನ್ನು ಕುರಿತು ಎರಿಕ್ ಕೆಲ್ಲರ್ಮನ್ ಮಾಡಿದ ಅಧ್ಯಯನಗಳು ಬೇರೊಂದು ಅಂಶವನ್ನು ತೋರಿಸಿದ್ದವು. ನುಡಿಗಟ್ಟು ತನ್ನ ಭಾಷೆಯ ಖಾಸಗಿ ಸೊತ್ತು, ಅದನ್ನು ಇನ್ನೊಂದು ಭಾಷೆಗೆ ಕೊಂಡೊಯ್ಯಲಾಗದು ಎಂದು ಕಲಿಯುವವರು ಭಾವಿಸುವ ಪ್ರವೃತ್ತಿ ಇದೆ. ಎರಡು ಭಾಷೆಗಳ ನಡುವಣ ದೂರ ಹೆಚ್ಚೆಂದು ತೋರಿದಷ್ಟೂ ಈ ಹಿಂಜರಿಕೆ ಹೆಚ್ಚಬಹುದು. ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷ್ ಜರ್ಮಾನಿಕ್ ಭಾಷೆ. ಕನ್ನಡಿಗ ಕಲಿಕಾರ್ಥಿಯು ನಿರಾತಂಕವಾಗಿ ಬಳಸಬಹುದಾದ ಸಮಾನ ನುಡಿಗಟ್ಟನ್ನೂ ‘ಇದು ಕನ್ನಡದ್ದು’ ಎಂದು ಬಿಟ್ಟುಬಿಡುವ ಸಾಧ್ಯತೆಯನ್ನು ಗಣಿಸಬೇಕು.

ಇರುಹೋ ಅವರ ಮೂರು ವರ್ಗಗಳಲ್ಲಿ ಪ್ರತಿಮೆ ಒಂದೇ ಇದ್ದು ಅರ್ಥ ಬೇರೆಯಾದವುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಐರೋಪ್ಯ ಭಾಷೆಗಳ ಸಂದರ್ಭದಲ್ಲಿ ಡೊಬ್ರೊವೋಲ್ಸ್ಕಿ ಮತ್ತು ಪೀರಾಯ್ನೆನ್ 2005ರ ತಮ್ಮ ಗ್ರಂಥದಲ್ಲಿ ಇಂಥ ‘ಹುಸಿಮಿತ್ರ’ ನುಡಿಗಟ್ಟುಗಳನ್ನು ಚರ್ಚಿಸಿದ್ದಾರೆ. ಕನ್ನಡ–ಇಂಗ್ಲಿಷ್ ಜೋಡಿಗೆ ಈ ವರ್ಗ ಅನಿವಾರ್ಯವೆಂದು ನಾವು ಭಾವಿಸುತ್ತೇವೆ.

4. ಕನ್ನಡ–ಇಂಗ್ಲಿಷ್: ನಾಲ್ಕು ಸಂಬಂಧಗಳು

4.1 ಪ್ರತಿಮೆಯೂ ಒಂದೇ, ಅರ್ಥವೂ ಒಂದೇ

‘ಪೋಕ್ ಒನ್ಸ್ ನೋಸ್ ಇಂಟು’ ಎಂಬುದಕ್ಕೆ ‘ಮೂಗು ತೂರಿಸು’, ‘ಥ್ರೋ ಡಸ್ಟ್ ಇನ್ ಸಮ್‌ಒನ್ಸ್ ಐಸ್’ ಎಂಬುದಕ್ಕೆ ‘ಕಣ್ಣಿಗೆ ಮಣ್ಣೆರಚು’, ‘ಪ್ಲೇ ವಿತ್ ಫೈರ್’ ಎಂಬುದಕ್ಕೆ ‘ಬೆಂಕಿಯೊಡನೆ ಸರಸವಾಡು’, ‘ಕಾಸಲ್ಸ್ ಇನ್ ದಿ ಏರ್’ ಎಂಬುದಕ್ಕೆ ‘ಗಾಳಿಗೋಪುರ’ ಬಹುಮಟ್ಟಿಗೆ ಸರಿಸಮವಾಗಿವೆ. ಇವುಗಳ ಜೊತೆಗೆ, ಇಂಗ್ಲಿಷಿನಿಂದ ಅನುವಾದಿತ ಎರವಲಾಗಿ ಬಂದು ಪತ್ರಿಕಾ ಗದ್ಯದಲ್ಲಿ ನೆಲೆನಿಂತ ‘ಶೀತಲ ಸಮರ’, ‘ಬಿಳಿಯಾನೆ’, ‘ಕೆಂಪುಪಟ್ಟಿ’ ಮೊದಲಾದವೂ ಇವೆ. ದಿನಪತ್ರಿಕೆ ಓದುವ ಕನ್ನಡಿಗ ಈ ಇಂಗ್ಲಿಷ್ ನುಡಿಗಟ್ಟುಗಳನ್ನು ಅರಿವಿಲ್ಲದೆಯೇ ಅರ್ಧ ಕಲಿತಿರುತ್ತಾನೆ.

ಎರವಲಿನ ದಾರಿಯಲ್ಲೂ ತಿರುವುಗಳಿವೆ. ಅನುಮತಿ ನೀಡಿದರೆಂಬ ಅರ್ಥದಲ್ಲಿ ಪತ್ರಿಕೆಗಳು ‘ಹಸಿರು ನಿಶಾನೆ ತೋರಿದರು’ ಎಂದು ಬರೆಯುತ್ತವೆ. ಇದನ್ನು ಮರಳಿ ಇಂಗ್ಲಿಷಿಗೆ ತಂದರೆ ‘ಗ್ರೀನ್ ಸಿಗ್ನಲ್’ ಆಗುತ್ತದೆ. ಭಾರತೀಯ ಇಂಗ್ಲಿಷಿನಲ್ಲಿ ಅದು ಚಾಲ್ತಿಯಲ್ಲಿದೆ. ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಯಲ್ಲಿ ನೆಲೆಗೊಂಡ ರೂಪ ‘ಗ್ರೀನ್ ಲೈಟ್’. ‘ರೆಡ್ ಕಾರ್ಪೆಟ್’ ಎಂಬುದು ಕನ್ನಡಕ್ಕೆ ಬರುವಾಗ ‘ರತ್ನಗಂಬಳಿ’ಯಾಗಿ ಮೆರುಗು ಪಡೆದದ್ದೂ ಉಂಟು. ಎರಡು ದಿಕ್ಕಿನ ಅನುವಾದ ಒಂದೇ ಬಿಂದುವಿಗೆ ಮರಳುವುದೆಂದು ನಂಬುವಂತಿಲ್ಲ.

4.2 ಅರ್ಥ ಒಂದೇ, ಪ್ರತಿಮೆ ಹತ್ತಿರದ್ದು ಅಥವಾ ಬೇರೆ

‘ಆ್ಯಡ್ ಫ್ಯೂಯಲ್ ಟು ದ ಫೈರ್’ ಎಂದು ಇಂಗ್ಲಿಷ್ ಹೇಳುವಲ್ಲಿ ಕನ್ನಡವು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತದೆ. ‘ಬಿಟ್ವೀನ್ ದ ಡೆವಿಲ್ ಆ್ಯಂಡ್ ದ ಡೀಪ್ ಬ್ಲೂ ಸೀ’ ಎಂಬಲ್ಲಿ ಕನ್ನಡದಲ್ಲಿ ‘ಅತ್ತ ದರಿ, ಇತ್ತ ಪುಲಿ’. ಈ ಎರಡನೆಯದರಲ್ಲಿ ‘ಹುಲಿ’ಯ ಹಳಗನ್ನಡ ರೂಪ ಉಳಿದುಬಂದಿರುವುದು ಗಮನಾರ್ಹ: ಪಕಾರ ಹಕಾರವಾದ ಮೇಲೂ ನುಡಿಗಟ್ಟು ಹಳೆಯ ರೂಪವನ್ನು ಕಾಪಾಡಿದೆ. ಇಂಗ್ಲಿಷಿನಲ್ಲಿಯೂ ‘ಕಿತ್ ಆ್ಯಂಡ್ ಕಿನ್’ ಎಂಬಲ್ಲಿನ ‘ಕಿತ್’ ಇಂದು ಪ್ರಾಯಶಃ ಅಲ್ಲಿ ಮಾತ್ರ ಬದುಕಿದೆ. ನುಡಿಗಟ್ಟಿನೊಳಗಿನ ಅಪರಿಚಿತ ಪದವನ್ನು ಕಂಡು ಕಲಿಯುವವರು ಬೆದರಬೇಕಿಲ್ಲ. ತಮ್ಮ ಭಾಷೆಯಲ್ಲೂ ಅಂಥವಿವೆ.

ಅರ್ಥ ಒಂದೇ ಎಂದು ಪಟ್ಟಿಗಳು ಹೇಳುವಲ್ಲಿ ಅಳತೆ ಬೇರೆಯಾಗಿರುವುದೂ ಉಂಟು. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬುದಕ್ಕೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂಬ ಸಂವಾದಿ ಹೊಳೆಯುತ್ತದೆ. ಕನ್ನಡದ ಮಾತು ಆಗೊಮ್ಮೆ ಈಗೊಮ್ಮೆ ಬಂದುಹೋಗುವವರಿಗೂ ಸಲ್ಲುತ್ತದೆ. ಇಂಗ್ಲಿಷಿನದು ಬಹುಮಟ್ಟಿಗೆ ನಡೆಯದೇ ಇರುವ ಸಂಗತಿಗೆ ಸಲ್ಲುತ್ತದೆ. ಅಂತೆಯೇ ‘ಕಾಸ್ಟ್ ಪರ್ಲ್ಸ್ ಬಿಫೋರ್ ಸ್ವೈನ್’ ಎಂಬ ಬೈಬಲ್ ಮೂಲದ ಮಾತಿಗೆ ‘ಕೋಣನ ಮುಂದೆ ಕಿನ್ನರಿ ಬಾರಿಸು’ ಎಂಬುದನ್ನು ಸಮವೆನ್ನಲಾಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ (7:6) ಒತ್ತು ಇರುವುದು ಕೊಡುವ ವಸ್ತುವಿನ ಪಾವಿತ್ರ್ಯದ ಮೇಲೆ. ಕನ್ನಡದಲ್ಲಿ ಕೇಳುವವನ ಜಡತೆಯ ಮೇಲೆ.

4.3 ಪ್ರತಿಮೆ ಒಂದೇ, ಅರ್ಥ ಬೇರೆ

ನಮ್ಮ ವಾದದ ತಿರುಳಿರುವುದು ಈ ವರ್ಗದಲ್ಲಿ. ‘ಫೈರ್ ಇನ್ ದ ಬೆಲಿ’ ಎಂಬುದನ್ನು ಪದಶಃ ಕನ್ನಡಿಸಿದರೆ ದೊರೆಯುವುದು ‘ಹೊಟ್ಟೆಕಿಚ್ಚು’. ಇಂಗ್ಲಿಷಿನಲ್ಲಿ ಅದು ಛಲ, ಸಾಧಿಸುವ ತವಕ, ಕನ್ನಡದಲ್ಲಿ ಮತ್ಸರ. ಒಂದು ಕಡೆ ಅಭ್ಯರ್ಥಿಯ ಗುಣವೆಂದು ಹೊಗಳುವ ಮಾತು, ಇನ್ನೊಂದು ಕಡೆ ಅವನ ದೋಷವನ್ನು ಹೇಳುತ್ತದೆ.

‘ಲೆಂಡ್ ಎ ಹ್ಯಾಂಡ್’ ಎಂದರೆ ನೆರವಾಗುವುದು. ‘ಕೈಕೊಡು’ ಎಂದರೆ ನಂಬಿಸಿ ಬಿಟ್ಟುಹೋಗುವುದು. ಮಳೆ ಕೈಕೊಟ್ಟಿತೆಂದರೆ ಬೆಳೆ ಒಣಗಿತೆಂದೇ ಅರ್ಥ. ನೆರವಿಗೆ ಕನ್ನಡ ಬಳಸುವುದು ‘ಹೆಗಲು ಕೊಡು’ ಎಂಬುದನ್ನು. ಇಂಗ್ಲಿಷಿನ ‘ಗಿವ್ ದ ಕೋಲ್ಡ್ ಶೋಲ್ಡರ್’ ಎಂಬುದರಲ್ಲೂ ಹೆಗಲಿದೆ, ಆದರೆ ಅದು ತಾತ್ಸಾರದ ಹೆಗಲು. ‘ವಾಶ್ ಒನ್ಸ್ ಹ್ಯಾಂಡ್ಸ್ ಆಫ್’ ಎಂದರೆ ಹೊಣೆಯಿಂದ ಜಾರಿಕೊಳ್ಳುವುದು. ‘ಕೈತೊಳೆದುಕೊಂಡು ಬೆನ್ನುಹತ್ತು’ ಎಂದರೆ ಬಿಡದೆ ಕಾಡುವುದು. ‘ಕೋಲ್ಡ್ ಫೀಟ್’ ಒಪ್ಪಿಕೊಂಡ ಕೆಲಸಕ್ಕೆ ಕೊನೆಗಳಿಗೆಯಲ್ಲಿ ಧೈರ್ಯಗೆಡುವುದಾದರೆ, ‘ಕೈಕಾಲು ತಣ್ಣಗಾಗು’ ಎಂಬುದು ಯಾವುದೇ ಭಯ ಅಥವಾ ಆಘಾತಕ್ಕೆ ಸಲ್ಲುತ್ತದೆ.

‘ಕಾಲೆಳೆ’ ಎಂಬುದರ ಚರಿತ್ರೆ ಇನ್ನೂ ಸ್ವಾರಸ್ಯಕರ. ಮೇಲೇರುವವರನ್ನು ಕೆಳಗೆಳೆಯುವುದು, ಏಳಿಗೆಗೆ ಅಡ್ಡಿಯಾಗುವುದು ಎಂಬ ಅರ್ಥ ಅದಕ್ಕಿದೆ. ‘ಪುಲ್ ಸಮ್‌ಒನ್ಸ್ ಲೆಗ್’ ಎಂಬುದರ ಅರ್ಥ ತಮಾಷೆಗೆ ಗೋಳುಹೊಯ್ದುಕೊಳ್ಳುವುದು. ಇಂದಿನ ಮಾಧ್ಯಮಗಳಲ್ಲಿ ‘ಕಾಲೆಳೆದರು’ ಎಂಬುದು ಗೇಲಿ ಮಾಡಿದರೆಂಬ ಅರ್ಥದಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ. ಒಂದೇ ರೂಪದಲ್ಲಿ ಈಗ ಎರಡು ಅರ್ಥಗಳು ಇಕ್ಕಟ್ಟಾಗಿ ಕುಳಿತಿವೆ. ಯಾವುದು ವಿವಕ್ಷಿತವೆಂಬುದನ್ನು ಸಂದರ್ಭವೇ ಹೇಳಬೇಕು. ಸಹೋದ್ಯೋಗಿಯು ತನ್ನ ಕಾಲೆಳೆದನೆಂದು ಇಂಗ್ಲಿಷಿನಲ್ಲಿ ದೂರು ಬರೆಯುವ ಕನ್ನಡಿಗನ ಮಾತನ್ನು ಓದುಗರು ನಗೆಚಾಟಿಕೆಯೆಂದು ಬದಿಗಿಟ್ಟರೆ ಆಶ್ಚರ್ಯವಿಲ್ಲ.

ಈ ವ್ಯತ್ಯಾಸಗಳು ಬಿಡಿಬಿಡಿ ಆಕಸ್ಮಿಕಗಳಲ್ಲ. ದೇಹದ ಅಂಗಗಳಿಗೆ ಆಯಾ ಭಾಷೆ ವಹಿಸಿರುವ ಭಾವಕಾರ್ಯವೇ ಬೇರೆ. ಕನ್ನಡದಲ್ಲಿ ಹೊಟ್ಟೆ ಮತ್ಸರದ ನೆಲೆಯಾಗಿರುವಂತೆ ಕ್ಷಮೆಯ ನೆಲೆಯೂ ಹೌದು: ತಪ್ಪನ್ನು ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬೇಡುತ್ತೇವೆ. ಕರುಳು ವಾತ್ಸಲ್ಯದ ನೆಲೆ: ‘ಹೆತ್ತ ಕರುಳು’, ‘ಕರುಳಬಳ್ಳಿ’, ‘ಕರುಳು ಕಿತ್ತುಬರು’. ಇಂಗ್ಲಿಷಿನ ‘ಗಟ್ಸ್’ ಧೈರ್ಯದ ನೆಲೆ, ‘ಗಟ್ ಫೀಲಿಂಗ್’ ಒಳಗಿನಿಂದ ಹೊಳೆಯುವ ಅನಿಸಿಕೆ. ಕರುಳಿಲ್ಲದವನು ಕನ್ನಡದಲ್ಲಿ ನಿರ್ದಯಿ, ಇಂಗ್ಲಿಷಿನಲ್ಲಿ ಪುಕ್ಕಲ. ಅಂಗಾಂಗವಾಚಿ ನುಡಿಗಟ್ಟುಗಳನ್ನು ಒಂದೊಂದಾಗಿ ಕಲಿಸುವುದಕ್ಕಿಂತ ಅಂಗವಾರು ಗುಂಪಾಗಿ ಕಲಿಸಬೇಕೆನ್ನಲು ಇದು ಆಧಾರ.

4.4 ಯಾವ ಸಂಬಂಧವೂ ಇಲ್ಲದವು

‘ಬೈ ಆ್ಯಂಡ್ ಲಾರ್ಜ್’, ‘ಸ್ಟಿಕಿ ವಿಕೆಟ್’ ಮುಂತಾದವು ಕನ್ನಡದ ಯಾವ ನುಡಿಗಟ್ಟನ್ನೂ ನೆನಪಿಗೆ ತರುವುದಿಲ್ಲ. ಆದಕಾರಣ ಅಡ್ಡಿಯನ್ನೂ ಉಂಟುಮಾಡುವುದಿಲ್ಲ. ಇವುಗಳಿಗೆ ಹುಟ್ಟಿನ ಕತೆ ಸಹಾಯಕ. ನುಡಿಗಟ್ಟಿನ ಮೂಲವನ್ನು ತಿಳಿಸಿದರೆ ನೆನಪು ಬಲಗೊಳ್ಳುತ್ತದೆಂಬುದನ್ನು ಫ್ರಾಂಕ್ ಬೂರ್ಸ್ ಮತ್ತು ಸಂಗಡಿಗರು 2004ರ ಲೇಖನದಲ್ಲಿ ಪ್ರತಿಪಾದಿಸಿದ್ದಾರೆ. ಮೊದಲನೆಯದು ಹಾಯಿಹಡಗಿನ ಪರಿಭಾಷೆ: ಗಾಳಿಗೆ ಎದುರಾಗಿ ಸಾಗುವುದೂ ಗಾಳಿ ಬೀಸುವತ್ತ ಸಾಗುವುದೂ ಸೇರಿ ‘ಒಟ್ಟಾರೆ’ ಎಂಬ ಅರ್ಥ ಬಂದಿತು. ಕಡಲು ಕಾಣದ ಒಳನಾಡಿನ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗುತ್ತದೆ. ಎರಡನೆಯದಕ್ಕೆ ವಿವರಣೆ ಅಷ್ಟಾಗಿ ಬೇಡ. ಮಳೆ ಬಿದ್ದು ಒಣಗುತ್ತಿರುವ ಪಿಚ್ಚಿನಲ್ಲಿ ಬ್ಯಾಟು ಬೀಸುವ ಪಾಡನ್ನು ಕ್ರಿಕೆಟ್ ಬಲ್ಲ ಯಾರೂ ಊಹಿಸಬಲ್ಲರು.

5. ರೂಪದ ಬಿಗಿ: ವಿಭಕ್ತಿ ಮತ್ತು ಉಪಪದ

ಅರ್ಥ ತಿಳಿದ ಮೇಲೂ ಪ್ರಯೋಗದಲ್ಲಿ ಸೋಲುವುದಕ್ಕೆ ವ್ಯಾಕರಣದ ಕಾರಣವೂ ಇದೆ. ‘ಅವನು ಕೈಕೊಟ್ಟ’ ಎಂಬುದು ನುಡಿಗಟ್ಟು. ‘ಅವನು ಕೈಯನ್ನು ಕೊಟ್ಟ’ ಎಂದೊಡನೆ ಅದು ವಾಚ್ಯಾರ್ಥಕ್ಕೆ ಇಳಿಯುತ್ತದೆ. ದ್ವಿತೀಯಾ ಪ್ರತ್ಯಯ ಇಲ್ಲದಿರುವುದೇ ಇಲ್ಲಿ ನುಡಿಗಟ್ಟನ್ನು ಬಿಗಿಹಿಡಿದಿದೆ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಅನೇಕ ಕಡೆ ಉಪಪದಗಳು ಮಾಡುತ್ತವೆ. ‘ಟೇಕ್ ಪ್ಲೇಸ್’ ಎಂದರೆ ಜರುಗು, ‘ಟೇಕ್ ದ ಪ್ಲೇಸ್ ಆಫ್’ ಎಂದರೆ ಒಬ್ಬರ ಸ್ಥಾನಕ್ಕೆ ಬರು. ‘ಔಟ್ ಆಫ್ ದ ಕ್ವೆಶ್ಚನ್’ ಎಂದರೆ ಅಸಾಧ್ಯ. ‘ದ’ ಬಿಟ್ಟುಹೋದರೆ ಆ ಅರ್ಥ ನಿಲ್ಲುವುದಿಲ್ಲ. ಕನ್ನಡದಲ್ಲಿ ಉಪಪದವಿಲ್ಲದ ಕಾರಣ, ನುಡಿಗಟ್ಟು ಎಲ್ಲಿ ಬಿಗಿಯಾಗಿದೆಯೋ ಅಲ್ಲಿಯೇ ಕಲಿಯುವವರ ಕಣ್ಣು ಜಾರುತ್ತದೆ.

ಇನ್ನೊಂದು ನಿದರ್ಶನ ಸ್ವಾಮ್ಯಸೂಚಕದ್ದು. ಇಂಗ್ಲಿಷ್ ‘ವಾಶ್ ಒನ್ಸ್ ಹ್ಯಾಂಡ್ಸ್’ ಎಂದು ಯಾರ ಕೈ ಎಂಬುದನ್ನು ನಾಮಪದದ ಬಳಿ ಹೇಳಲೇಬೇಕು. ಕನ್ನಡ ಅದನ್ನು ಕ್ರಿಯಾಪದದ ‘ಕೊಳ್ಳು’ವಿನಲ್ಲಿ ಹೇಳುತ್ತದೆ: ಕೈ ತೊಳೆದುಕೊಳ್ಳು. ಇಂಗ್ಲಿಷಿನ ‘ಒನ್ಸ್’ ಕನ್ನಡದ ‘ಕೊಳ್ಳು’ವಿನ ಕೆಲಸವನ್ನು ಮಾಡುತ್ತಿದೆ ಎಂಬ ಒಂದು ವಾಕ್ಯದ ವಿವರಣೆ ಇಂಥ ಅನೇಕ ನುಡಿಗಟ್ಟುಗಳಿಗೆ ಕೀಲಿಕೈಯಾಗಬಲ್ಲದು.

6. ಪರೀಕ್ಷೆ ಅಳೆಯುವುದೇನು?

ಬಹು ಆಯ್ಕೆಯ ಪ್ರಶ್ನೆ ಗ್ರಹಿಕೆಯನ್ನು ಅಳೆಯುತ್ತದೆ. ಇರುಹೋ ಅವರ ಫಲಿತಾಂಶದ ಪ್ರಕಾರ ಹೋಲುವ ನುಡಿಗಟ್ಟುಗಳಲ್ಲಿ ಮಾತೃಭಾಷೆಯ ಅಡ್ಡಿ ತೋರಿಬಂದದ್ದು ಪ್ರಯೋಗದಲ್ಲಿ. ಹಾಗಿದ್ದರೆ ಪ್ರಶ್ನೆಪತ್ರಿಕೆ ಈ ತೊಡಕನ್ನು ಮುಟ್ಟುವುದೇ ಇಲ್ಲ. ಹುಸಿಮಿತ್ರಗಳ ವಿಷಯದಲ್ಲಿ ಸ್ಥಿತಿ ಇನ್ನೂ ಸೂಕ್ಷ್ಮ. ‘ಫೈರ್ ಇನ್ ದ ಬೆಲಿ’ಗೆ ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ‘ಮತ್ಸರ’ ಇದ್ದರೆ ಮಾತ್ರ ಕನ್ನಡಿಗನ ಗೊಂದಲ ಹೊರಬೀಳುತ್ತದೆ. ದೇಶದ ಎಲ್ಲ ಭಾಷಿಕರಿಗೂ ಒಂದೇ ಪ್ರಶ್ನೆ ಇರುವಾಗ ಪ್ರತಿಯೊಂದು ಭಾಷೆಯ ಹುಸಿಮಿತ್ರವನ್ನೂ ಆಯ್ಕೆಗಳಲ್ಲಿ ಇಡಲಾಗದು. ಅಭ್ಯರ್ಥಿಗೆ ಅಂಕ ದೊರೆಯುತ್ತದೆ. ಗೊಂದಲ ಹಾಗೆಯೇ ಉಳಿಯುತ್ತದೆ.

ಅದು ಹೊರಬೀಳುವುದು ಮುಂದಿನ ಮೆಟ್ಟಿಲಲ್ಲಿ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಿದೆ. ಅದರಲ್ಲಿ ಶೇ. 25ರಷ್ಟು ಅಂಕ ಪಡೆಯದವರ ಉಳಿದ ಪತ್ರಿಕೆಗಳು ಗಣನೆಗೆ ಬರುವುದಿಲ್ಲ. ಅಲ್ಲಿ ನುಡಿಗಟ್ಟುಗಳನ್ನು ಸ್ವಂತ ವಾಕ್ಯದಲ್ಲಿ ಬಳಸುವ ಪ್ರಶ್ನೆ ಬರುವುದುಂಟು. ಆಮೇಲೆ ಸಂದರ್ಶನ, ಕಚೇರಿಯ ಟಿಪ್ಪಣಿ, ಪತ್ರವ್ಯವಹಾರ.

ಪಟ್ಟಿಯ ಒಂದು ಸಾಲಿನ ಅರ್ಥ ಕಳೆಯುವ ಇನ್ನೊಂದು ವಸ್ತು ಔಚಿತ್ಯ. ‘ಕಿಕ್ ದ ಬಕೆಟ್’ ಎದುರಿಗೆ ‘ಸಾಯು’ ಎಂದಷ್ಟೇ ಇರುತ್ತದೆ. ಕನ್ನಡಿಗ ತನ್ನ ಭಾಷೆಯಲ್ಲಿ ‘ತೀರಿಕೊಂಡರು’, ‘ದೈವಾಧೀನರಾದರು’, ‘ಲಿಂಗೈಕ್ಯರಾದರು’, ‘ಗೊಟಕ್ ಎಂದ’ ಇವುಗಳ ನಡುವಣ ಅಂತರವನ್ನು ಎಂದೂ ತಪ್ಪುವುದಿಲ್ಲ. ‘ಕಿಕ್ ದ ಬಕೆಟ್’ ಇರುವುದು ಕೊನೆಯದರ ಸಾಲಿನಲ್ಲಿ ಎಂದು ಯಾರೂ ಹೇಳದಿದ್ದರೆ ಅದು ಸಂತಾಪಪತ್ರದಲ್ಲಿ ಕಾಣಿಸಿಕೊಳ್ಳಬಹುದು. ಇಲ್ಲಿ ಕನ್ನಡದ ತಿಳಿವಳಿಕೆ ಅಡ್ಡಿಯಲ್ಲ, ಅತ್ಯುತ್ತಮ ಬೋಧನ ಸಾಧನ.

7. ಸಾಮಗ್ರಿಯ ಮರುಜೋಡಣೆ

ಮೇಲಿನ ವಿಶ್ಲೇಷಣೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಅಕಾರಾದಿ ಪಟ್ಟಿಯ ಬದಲು ನುಡಿಗಟ್ಟುಗಳನ್ನು ಕನ್ನಡದೊಡನೆ ಅವುಗಳಿಗಿರುವ ಸಂಬಂಧದ ಮೇರೆಗೆ ನಾಲ್ಕು ಗುಂಪು ಮಾಡಬೇಕು. ಒಂದೇ ಆದವುಗಳಿಂದ ಆರಂಭಿಸಿದರೆ ಹಿಂಜರಿಕೆ ಕರಗುತ್ತದೆ. ಹುಸಿಮಿತ್ರಗಳನ್ನು ಎರಡೂ ಅರ್ಥಗಳೊಡನೆ ಜೋಡಿಯಾಗಿ ಕೊಡಬೇಕು. ಕನ್ನಡದ ಅರ್ಥವನ್ನು ಬಾಯಿಬಿಟ್ಟು ಹೇಳದಿದ್ದರೆ ಅದು ಮನಸ್ಸಿನಲ್ಲಿ ಮೌನವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಹೋಲುವಂಥವುಗಳಿಗೆ ವಾಕ್ಯರಚನೆಯ ಅಭ್ಯಾಸ ಬೇಕು, ಸಂಬಂಧವಿಲ್ಲದವುಗಳಿಗೆ ಹುಟ್ಟಿನ ಕತೆ. ಪ್ರತಿಯೊಂದು ನುಡಿಗಟ್ಟಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಚಿತ್ರ ಯಾವುದು? ಅರ್ಥವೇನು? ಯಾರ ಮುಂದೆ, ಯಾವ ಸಂದರ್ಭದಲ್ಲಿ ಸಲ್ಲುತ್ತದೆ? ಇದೇ ಚಿತ್ರ ಕನ್ನಡದಲ್ಲಿ ಏನನ್ನು ಹೇಳುತ್ತದೆ?

ಇದಕ್ಕೆ ಬೇಕಾದ ಮಾದರಿ ನಮ್ಮಲ್ಲೇ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮೂಲಕ 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಫರ್ಡಿನಾಂಡ್ ಕಿಟೆಲ್ ಅವರು ಶಬ್ದಗಳ ಅಡಿಯಲ್ಲಿ ಗಾದೆಗಳನ್ನೂ ಉದಾಹರಿಸಿದ್ದಾರೆ. ಕನ್ನಡ ಕಲಿಯುವ ಇಂಗ್ಲಿಷ್ ಬಲ್ಲವರಿಗೆ ಆ ಕ್ರಮ ನೆರವಾಯಿತು. ಇಂಗ್ಲಿಷ್ ಕಲಿಯುವ ಕನ್ನಡಿಗರಿಗಾಗಿ ‘ಕೈ’, ‘ಹೊಟ್ಟೆ’, ‘ಬೆಂಕಿ’, ‘ನೀರು’ ಎಂಬ ಕನ್ನಡ ಶೀರ್ಷಿಕೆಗಳಡಿಯಲ್ಲಿ ಎರಡೂ ಭಾಷೆಗಳ ನುಡಿಗಟ್ಟುಗಳನ್ನು ಎದುರುಬದುರಾಗಿಡುವ ಕೋಶವೊಂದು ಆಗಬೇಕಾದ ಕೆಲಸ.

8. ಉಪಸಂಹಾರ

ನುಡಿಗಟ್ಟಿನ ಕಲಿಕೆಯಲ್ಲಿ ಮಾತೃಭಾಷೆಯನ್ನು ಮರೆಯಬೇಕೆಂಬ ಸಲಹೆಯನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಾರೆ. ಮರೆಯುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ ಎಂಬುದು ಈ ಚರ್ಚೆಯ ಫಲಿತ. ಅವರು ತಮ್ಮ ಕನ್ನಡವನ್ನು ಸಂಕೋಚವಿಲ್ಲದೆ ಮೇಜಿನ ಮೇಲಿಟ್ಟು, ಎಲ್ಲಿ ಅದು ದಾರಿ ತೋರುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಅದಕ್ಕೆ ಬೇಕಾದ ವಿವರವಾದ ನಕ್ಷೆಯನ್ನು ಒದಗಿಸುವ ಹೊಣೆ ಭಾಷಾವಿಜ್ಞಾನದ್ದು. ಹುಸಿಮಿತ್ರ ನುಡಿಗಟ್ಟುಗಳ ಸಂಗ್ರಹ, ಪ್ರಾದೇಶಿಕ ಉಪಭಾಷೆಗಳಲ್ಲಿ ಅವುಗಳ ವ್ಯತ್ಯಾಸ, ಕಲಿಯುವವರ ಬರವಣಿಗೆಯಲ್ಲಿ ಅವುಗಳ ವರ್ತನೆ—ಈ ಮೂರೂ ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ಕ್ಷೇತ್ರಗಳು.